ಕೇಬಲ್ ಬರಿಯ ತಂತಿಯಲ್ಲ

ಕಡೂರಿನ ಹೊಸ ಬಡಾವಣೆಯಲ್ಲಾಗಲಿ, ತರೀಕೆರೆಯ ತೋಟದ ಮನೆಯಲ್ಲಾಗಲಿ, ಅಜ್ಜಂಪುರದ ಸುತ್ತಿನ ಹಳ್ಳಿಯಲ್ಲಾಗಲಿ, ಒಂದೇ ಮನೆಯಲ್ಲಿ ಎರಡು ಟಿವಿ ಇರುವುದು ಈಗ ಅಪರೂಪವಲ್ಲ. ಆದರೆ ಅವುಗಳಿಗೆ ಸಂಕೇತ ಒಯ್ಯುವ ಕೇಬಲನ್ನು ಆರಿಸುವ ಕ್ರಮ ಟೀಕೆಗೆ ಅರ್ಹವಾಗಿದೆ. ಮೀಟರಿಗೆ ಎಷ್ಟು ರೂಪಾಯಿ, ಒಳಗಿನ ತಂತಿ ಎಷ್ಟು ದಪ್ಪ ಎಂಬ ಎರಡೇ ಪ್ರಶ್ನೆಗಳಲ್ಲಿ ವ್ಯಾಪಾರ ಮುಗಿಯುತ್ತದೆ. ಚಿತ್ರ ಒಡೆದರೆ ಸೆಟ್‌ಟಾಪ್ ಬಾಕ್ಸ್ ಬದಲಿಸಿ, ಇಲ್ಲವೇ ಬೂಸ್ಟರ್ ಹಾಕಿ ಎಂಬ ಸಲಹೆ ಸಿದ್ಧವಾಗಿರುತ್ತದೆ. ಹಣ ಹೋಗುತ್ತದೆ, ದೋಷ ಉಳಿಯುತ್ತದೆ. ತರಗತಿಯಲ್ಲಿಯೂ ತಂತಿಯ ಪಾಠ ಸಾಮಾನ್ಯವಾಗಿ ಓಮನ ನಿಯಮಕ್ಕೇ ನಿಲ್ಲುವುದರಿಂದ ಈ ಸಲಹೆಯನ್ನು ಪ್ರಶ್ನಿಸುವವರು ಕಡಿಮೆ.

ಕೇಬಲಿನ ಗುಣವಿವರದಲ್ಲಿರುವ 75 ಓಮ್ ನಿಮ್ಮ ಮಲ್ಟಿಮೀಟರಿಗೆ ಸಿಗುವುದಿಲ್ಲ. ಅದು ತಾಮ್ರದ ರೋಧವಲ್ಲ. ನಡುವಿನ ತಂತಿಗೂ ಹೊರಗಿನ ಬಲೆಗೂ ಮಧ್ಯೆ ಸಾಗುವ ವಿದ್ಯುತ್ಕಾಂತ ಅಲೆ ಎದುರಿಸುವ ವಿಶಿಷ್ಟ ಇಂಪಿಡೆನ್ಸ್. 60ನ್ನು ನಡುವಿನ ಅವಾಹಕದ ಸಾಪೇಕ್ಷ ಪರ್ಮಿಟಿವಿಟಿಯ ವರ್ಗಮೂಲದಿಂದ ಭಾಗಿಸಿ, ಬಲೆಯ ಒಳವ್ಯಾಸ ಮತ್ತು ತಂತಿಯ ವ್ಯಾಸಗಳ ಅನುಪಾತದ ಸ್ವಾಭಾವಿಕ ಲಾಗರಿದಮ್‌ನಿಂದ ಗುಣಿಸಿ. ಆರ್‌ಜಿ-6 ಕೇಬಲಿನಲ್ಲಿ ಈ ವ್ಯಾಸಗಳು ಸುಮಾರು 4.6 ಮತ್ತು 1.02 ಮಿಲಿಮೀಟರ್, ನೊರೆ ಪ್ಲಾಸ್ಟಿಕ್ಕಿನ ಪರ್ಮಿಟಿವಿಟಿ ಸುಮಾರು 1.45. ಉತ್ತರ 75. ಇಲ್ಲಿ ಬೆಲೆ ಇರುವುದು ದಪ್ಪಕ್ಕಲ್ಲ, ಅನುಪಾತಕ್ಕೆ. ಮೊಳೆಯ ಕ್ಲಿಪ್ಪಿನಡಿ ಜಜ್ಜಿದ ಕೇಬಲಿನಲ್ಲಿ ಕೆಡುವುದೂ ಇದೇ ಅನುಪಾತ. ತರೀಕೆರೆಯ ಮಳೆಗಾಲದಲ್ಲಿ ಕನೆಕ್ಟರಿನೊಳಗೆ ನೀರಿಳಿದರೆ ಕತೆ ಇನ್ನೂ ಕೆಡುತ್ತದೆ, ಏಕೆಂದರೆ ನೀರಿನ ಪರ್ಮಿಟಿವಿಟಿ ಸುಮಾರು 80.

ಅತ್ಯಂತ ದೊಡ್ಡ ತಪ್ಪು, ಕೇಬಲನ್ನು ಕತ್ತರಿಸಿ ಮೂರು ತುದಿಗಳನ್ನು ಹೊಸೆದು ಟೇಪು ಸುತ್ತುವುದು. ಎರಡು ಕವಲುಗಳು ಸೇರಿ 37.5 ಓಮ್ ಆಗುತ್ತವೆ. ಬಂದ ಶಕ್ತಿಯ ಒಂಬತ್ತನೇ ಒಂದು ಭಾಗ ಹಿಂದಕ್ಕೆ ಪ್ರತಿಫಲಿಸುತ್ತದೆ. ಇದು ಸಹ್ಯವೆನ್ನಿ. ಆದರೆ ಒಂದು ಕವಲಿನ ತುದಿಯಲ್ಲಿ ಟಿವಿ ಇಲ್ಲದಿದ್ದರೆ? ಕವಲಿನ ಉದ್ದ 10 ಮೀಟರ್, ಅಲೆಯ ವೇಗ ಸೆಕೆಂಡಿಗೆ 25 ಕೋಟಿ ಮೀಟರ್ ಎಂದಿಟ್ಟುಕೊಳ್ಳಿ. 6.25 ಮೆಗಾಹರ್ಟ್ಸ್‌ನಲ್ಲಿ ಆ ಉದ್ದ ಅಲೆಯುದ್ದದ ಕಾಲು ಭಾಗ. ತೆರೆದ ತುದಿ ಆಗ ಜೋಡಣೆಯ ಬಳಿ ಶಾರ್ಟ್ ಸರ್ಕ್ಯೂಟಿನಂತೆ ವರ್ತಿಸುತ್ತದೆ. ಅದರ ಬೆಸ ಗುಣಕಗಳಲ್ಲೆಲ್ಲ, ಅಂದರೆ ಪ್ರತಿ 12.5 ಮೆಗಾಹರ್ಟ್ಸ್‌ಗೆ ಒಮ್ಮೆ, ಸಂಕೇತ ಕುಸಿಯುತ್ತದೆ. ಡಿಜಿಟಲ್ ಕೇಬಲಿನಲ್ಲಿ ಒಂದೇ ಆವೃತ್ತಿಪಟ್ಟಿಯಲ್ಲಿ ಹಲವು ಚಾನೆಲ್‌ಗಳು ಬರುವುದರಿಂದ ಕೆಲವು ಗುಂಪುಗಳೇ ಮಾಯವಾಗಿ ಉಳಿದವು ಸ್ವಚ್ಛವಾಗಿರುತ್ತವೆ. ಇದು ಬಾಕ್ಸಿನ ದೋಷವಲ್ಲ. ಬೂಸ್ಟರ್ ಈ ಗುಂಡಿಯನ್ನು ತುಂಬಲಾರದು. ಗುಂಡಿಯನ್ನೂ ದಿಬ್ಬವನ್ನೂ ಸಮನಾಗಿ ಎತ್ತುತ್ತದೆ. ಸರಿಯಾದ ಸ್ಪ್ಲಿಟರ್ ಹಾಕಿ, ಬಳಸದ ಕಿಂಡಿಗೆ 75 ಓಮ್ ಟರ್ಮಿನೇಟರ್ ತೊಡಿಸುವುದೇ ಪರಿಹಾರ.

ಕಾಂತಕ್ಕೆ ಅಂಟಿದರೆ ಕೇಬಲ್ ಕಳಪೆ ಎಂಬ ಮಾತೂ ಅರ್ಧ ಸತ್ಯ. 1000 ಮೆಗಾಹರ್ಟ್ಸ್‌ನಲ್ಲಿ ವಿದ್ಯುತ್ ತಾಮ್ರದ ಮೇಲ್ಮೈಯ ಸುಮಾರು 2 ಮೈಕ್ರೊಮೀಟರ್ ಆಳದಲ್ಲಷ್ಟೇ ಹರಿಯುತ್ತದೆ. ತಾಮ್ರ ಲೇಪಿಸಿದ ಉಕ್ಕು ಸಂಕೇತಕ್ಕೆ ಸಾಕು. ಆದರೆ ಡಿಶ್‌ನ ಎಲ್‌ಎನ್‌ಬಿಗೆ ನೇರ ವಿದ್ಯುತ್ತೂ ಇದೇ ತಂತಿಯಲ್ಲಿ ಹೋಗಬೇಕು. ತೋಟದ ಮನೆಗಳಲ್ಲಿ ತೆಂಗು ಅಡಿಕೆ ಮರಗಳನ್ನು ತಪ್ಪಿಸಲು ಡಿಶ್ ಅಂಗಳದ ಮೂಲೆ ಸೇರಿ ಕೇಬಲ್ ಉದ್ದವಾದಾಗ ತಾಮ್ರದ ತಂತಿಯೇ ಮೇಲು.

ಉದ್ದಕ್ಕೆ ತಕ್ಕ ನಷ್ಟವನ್ನೂ ಲೆಕ್ಕ ಹಾಕಿ. 1000 ಮೆಗಾಹರ್ಟ್ಸ್‌ನಲ್ಲಿ 30 ಮೀಟರ್ ಆರ್‌ಜಿ-6 ಸುಮಾರು 6 ಡೆಸಿಬೆಲ್ ತಿನ್ನುತ್ತದೆ. ಶಕ್ತಿಯ ಕಾಲು ಭಾಗ ಉಳಿಯುತ್ತದೆ. ತೆಳುವಾದ ಆರ್‌ಜಿ-59 ಸುಮಾರು 8 ಡೆಸಿಬೆಲ್ ತಿಂದು ಆರನೇ ಒಂದು ಭಾಗ ಉಳಿಸುತ್ತದೆ. ಡಿಶ್‌ನಿಂದ ಬರುವ ಸಂಕೇತ 2150 ಮೆಗಾಹರ್ಟ್ಸ್‌ವರೆಗೂ ಇರುವುದರಿಂದ ಅಲ್ಲಿ ಆರ್‌ಜಿ-59 ಬೇಡ. ಒಂದು ಡಿಶ್‌ಗೆ ಎರಡು ಬಾಕ್ಸ್ ಬೇಕಾದರೆ ಸಾಧಾರಣ ಸ್ಪ್ಲಿಟರ್ ಕೂಡ ಸಾಲದು. ಬಾಕ್ಸ್ 13 ಅಥವಾ 18 ವೋಲ್ಟ್ ಕಳಿಸಿ ಅಲೆಯ ಧ್ರುವೀಕರಣವನ್ನು ಆರಿಸುತ್ತದೆ. ಎರಡು ಬಾಕ್ಸ್‌ಗಳ ಆಜ್ಞೆ ಒಂದೇ ತಂತಿಯಲ್ಲಿ ನಡೆಯದು. ಎರಡು ಕಿಂಡಿಯ ಎಲ್‌ಎನ್‌ಬಿ, ಎರಡು ಪ್ರತ್ಯೇಕ ಕೇಬಲ್ ಬೇಕು.

ಹೊಸ ಮನೆ ಕಟ್ಟಿಸುವವರು ಗೋಡೆಗೆ ಗಾರೆ ಬೀಳುವ ಮೊದಲೇ ಪ್ರತಿ ಕೋಣೆಗೂ ಒಂದು ಪೈಪು ಎಳೆಸಲಿ. ಅದರಲ್ಲಿ ಒಂದು ಆರ್‌ಜಿ-6, ಇಂಟರ್‌ನೆಟ್ ವಿಡಿಯೊಗಾಗಿ ಒಂದು ಕ್ಯಾಟ್-6 ಇರಲಿ. ಶಿಕ್ಷಕರು ಒಂದು ತುಂಡು ಕೇಬಲ್, ಒಂದು ವರ್ನಿಯರ್ ಕ್ಯಾಲಿಪರ್ ತಂದು ಈ 75ನ್ನು ವಿದ್ಯಾರ್ಥಿಗಳಿಂದಲೇ ಲೆಕ್ಕ ಹಾಕಿಸಲಿ. ಹಾಗೆ ಕಲಿತವರು ಅಂಗಡಿಯಲ್ಲಿ ಬೆಲೆಗಿಂತ ಮೊದಲು ಇಂಪಿಡೆನ್ಸ್ ಕೇಳುತ್ತಾರೆ.