ಅಡಿಕೆ ಅಂಗಳದಿಂದ ಕಂಡ ವಾಸ್ತವವಾದ

ಸುಲಿತದ ಕಾಲದಲ್ಲಿ ಚನ್ನಗಿರಿ ಕಡೆಯ ತರಗತಿಗಳಲ್ಲಿ ಬೆರಳು ಕಪ್ಪಾದ ಹುಡುಗರು ಕೂತಿರುತ್ತಾರೆ. ರಾತ್ರಿ ಹಸಿ ಅಡಿಕೆ ಸುಲಿದು ಬೆಳಿಗ್ಗೆ ಅಂತರರಾಷ್ಟ್ರೀಯ ಸಂಬಂಧಗಳ ಪಾಠಕ್ಕೆ ಬಂದವರು. ಅದೇ ಬೆರಳಲ್ಲಿ ಅವರು ನೋಟ್ಸಿಗೆ ಇಳಿಸಿಕೊಳ್ಳುವುದು ಮಾರ್ಗೆಂಥೌನ ವಾಸ್ತವವಾದದ ಆರು ತತ್ವಗಳನ್ನು. ಅಡಿಕೆಗೂ ಆ ತತ್ವಗಳಿಗೂ ಸಂಬಂಧವಿದೆಯೆಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ವಾಸ್ತವವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ಹ್ಯಾನ್ಸ್ ಮಾರ್ಗೆಂಥೌ ನಾಜಿಗಳ ಕಾಲದಲ್ಲಿ ನೆಲೆ ಕಳೆದುಕೊಂಡು 1937ರಲ್ಲಿ ಅಮೆರಿಕ ಸೇರಿದ ಯಹೂದಿ ವಿದ್ವಾಂಸ. ಒಳ್ಳೆಯ ಮಾತುಗಳನ್ನೇ ನಂಬಿ ಕೂತ ಯುರೋಪ್ ಉರಿದದ್ದನ್ನು ಕಂಡು ಬರೆದವನು. 1979ರಲ್ಲಿ ಕೆನೆತ್ ವಾಲ್ಟ್ಸ್ ಈ ಚಿಂತನೆಯನ್ನು ಇನ್ನಷ್ಟು ಬಿಗಿಗೊಳಿಸಿದ: ದೇಶದೊಳಗೆ ಏನೇ ಇರಲಿ, ಮೇಲೆ ಯಜಮಾನನಿಲ್ಲದ ಜಗತ್ತಿನಲ್ಲಿ ಪ್ರತಿ ದೇಶವೂ ತನ್ನ ಉಳಿವನ್ನೇ ನೋಡಿಕೊಳ್ಳುತ್ತದೆ. ಆ ಬಿಗಿಯೇ ಪಂಥದ ಶಕ್ತಿ, ಅದೇ ಅದರ ಕುರುಡು.

2022ರಲ್ಲಿ ಕೇಂದ್ರ ಸರ್ಕಾರ ಭೂತಾನ್‌ನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ (ಅದಕ್ಕಿಂತ ಅಗ್ಗದ ಸರಕು ಒಳಬರಬಾರದೆಂಬ ಮಿತಿಯ) ಷರತ್ತಿಲ್ಲದೆ ತರಿಸಿಕೊಳ್ಳಲು ಒಪ್ಪಿತು. ಸುದ್ದಿ ಬಂದದ್ದೇ ತಡ, ಇಲ್ಲಿನ ಮಂಡಿಗಳಲ್ಲಿ ರಾಶಿ ಅಡಿಕೆಯ ರೇಟಿನದೇ ಮಾತು. ಭೂತಾನ್ ಭಾರತಕ್ಕೂ ಚೀನಾಕ್ಕೂ ನಡುವೆ ಸಿಕ್ಕ ಪುಟ್ಟ ದೇಶ. 2017ರಲ್ಲಿ ಭೂತಾನ್ ಗಡಿಯ ದೋಕ್ಲಾಮ್‌ನಲ್ಲಿ ಈ ಎರಡು ದೊಡ್ಡ ದೇಶಗಳ ಸೈನ್ಯಗಳು 73 ದಿನ ಎದುರುಬದುರು ನಿಂತಿದ್ದವು. ಅಂಥ ನೆರೆಯವನನ್ನು ಕೈಬಿಡಲಾಗದು ಎಂದು ವಾಸ್ತವವಾದಿ ಹೇಳಿದರೆ ಅದು ನಂಬುವಂಥ ಮಾತೇ. ಆದರೆ 2023ರ ಫೆಬ್ರುವರಿಯಲ್ಲಿ ಅದೇ ಸರ್ಕಾರ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ಇದನ್ನು ಗಡಿಯ ಲೆಕ್ಕದಿಂದ ವಿವರಿಸಲಾಗದು. ಬೆಳೆಗಾರರ ಒತ್ತಡ, ಮಲೆನಾಡು ಕರಾವಳಿಗಳ ಮತಗಳು ಇದರ ಹಿಂದಿವೆ. ದೇಶಕ್ಕೆ ಒಂದೇ ಬಾಯಿಯಿಲ್ಲ. ವಾಲ್ಟ್ಸ್ ಬೇಕೆಂದೇ ಹೊರಗಿಟ್ಟ ಒಳಗಿನ ಜಗಳವೇ ಇಲ್ಲಿ ನೀತಿಯನ್ನು ರೂಪಿಸಿತು.

ಈ ಪಂಥಕ್ಕೆ ನಮ್ಮ ವಿದ್ವಾಂಸರು ಕೊಟ್ಟ ಉತ್ತರವೂ ನನಗೆ ಸಾಕೆನಿಸುವುದಿಲ್ಲ. ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ಅಷ್ಟು ದೊಡ್ಡ ಕೆಲಸವನ್ನು ನಾವು ಬಳಸಿಕೊಂಡದ್ದು ‘ವಾಸ್ತವವಾದ ನಮ್ಮಲ್ಲೇ ಮೊದಲಿತ್ತು’ ಎಂಬ ಹೆಮ್ಮೆಗೆ. ಕೌಟಿಲ್ಯನ ಮಂಡಲ ಸಿದ್ಧಾಂತವನ್ನು ಇಲ್ಲಿನ ಇತಿಹಾಸದ ಮೇಲಿಟ್ಟು ಪರೀಕ್ಷಿಸಿದವರು ವಿರಳ.

ಇಟ್ಟು ನೋಡಿ. 1689ರಲ್ಲಿ ಮರಾಠ ದೊರೆ ಸಂಭಾಜಿಯ ಹತ್ಯೆಯಾದ ಮೇಲೆ ಜಿಂಜಿಯತ್ತ ಓಡುತ್ತಿದ್ದ ಅವನ ತಮ್ಮ ರಾಜಾರಾಮನಿಗೆ ಕೆಳದಿಯ ರಾಣಿ ಚೆನ್ನಮ್ಮಾಜಿ ಆಶ್ರಯ ಕೊಟ್ಟಳು. ಚನ್ನಗಿರಿಗೆ ಆಕೆಯ ಹೆಸರೇ ಬಂದಿದೆ ಎನ್ನುತ್ತಾರೆ. ಆಶ್ರಯ ಕೊಟ್ಟದ್ದಕ್ಕೆ ಔರಂಗಜೇಬನ ಸೈನ್ಯ ಏರಿಬಂತು. ಕೆಳದಿಯ ಪರಂಪರೆ ಅದನ್ನು ಗೆಲುವು ಎನ್ನುತ್ತದೆ, ಮೊಘಲರ ಕಡೆಯ ಬರಹ ದಂಡ ತೆತ್ತು ಪಾರಾದಳು ಎನ್ನುತ್ತದೆ. ಶತ್ರುವಿನ ಶತ್ರು ಮಿತ್ರ ಎಂಬ ಮಂಡಲದ ಲೆಕ್ಕ ಇದಕ್ಕೆ ಅರ್ಧ ಹೊಂದುತ್ತದೆ: ಮರಾಠರು ಅಳಿದರೆ ಮುಂದಿನ ಸರದಿ ಕೆಳದಿಯದು. ಇನ್ನರ್ಧ, ಶರಣು ಬಂದವನನ್ನು ಒಪ್ಪಿಸಬಾರದೆಂಬ ಧರ್ಮ. ಇವೆರಡನ್ನೂ ಒಟ್ಟಿಗೆ ಹಿಡಿಯುವ ಸಿದ್ಧಾಂತ ವಾಸ್ತವವಾದದ ಬಳಿಯಿಲ್ಲ. ಸಣ್ಣ ರಾಜ್ಯಗಳ ವಿಷಯದಲ್ಲಿ ಅದು ಸೋತ ಪಂಥವೆಂದೇ ನನ್ನ ತೀರ್ಮಾನ.

ಈ ಮಾತನ್ನು ಬೆರಳು ಕಪ್ಪಾದ ಆ ಹುಡುಗನೇ ಮುಂದೆ ಬೆಳೆಸಬೇಕು. ಆದರೆ ಅಧ್ಯಾಪಕನಾಗಲು ಅವನು ಬರೆಯುವ ಯುಜಿಸಿ ನೆಟ್‌ನ ರಾಜ್ಯಶಾಸ್ತ್ರ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಷ್ಟೇ ಇರುತ್ತದೆ. ಅದನ್ನು ಕನ್ನಡದಲ್ಲೂ ಕೊಡಿ. ಭೂತಾನಿನ ಅಡಿಕೆಯನ್ನೂ ಕೆಳದಿಯ ರಾಣಿಯನ್ನೂ ಪಠ್ಯದ ಮೊದಲ ಅಧ್ಯಾಯಕ್ಕೆ ತನ್ನಿ.