ಕಟ್ ಬೀಳುವುದು ಎಲ್ಲಿ?

ಹೊನ್ನಾವರ ಸೀಮೆಯಲ್ಲಿ ಈಗ ಯಕ್ಷಗಾನದ ಆಟವೆಂದರೆ ರಂಗಸ್ಥಳದ ಎದುರು ಕುರ್ಚಿ ಹರಡುವ ಮೊದಲೇ ಕ್ಯಾಮೆರಾ ಸ್ಟ್ಯಾಂಡ್ ನಿಂತಿರುತ್ತದೆ. ಯೂಟ್ಯೂಬಿನಲ್ಲಿ ನೇರಪ್ರಸಾರ. ಮುಂಬೈಯಲ್ಲಿರುವ ನೆಂಟರಿಗೆ ಚಿತ್ರ ನಿಲ್ಲದೆ ಓಡಿದರೆ ಸಾಕು. ನನ್ನ ಚಾಳಿಯೇ ಬೇರೆ; ಕಟ್ ಎಲ್ಲಿ ಬಿತ್ತು ಎಂದು ನೋಡುತ್ತ ಕೂರುತ್ತೇನೆ.

ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಚಿತ್ರ ಬದಲಿಸುವ ಈ ಕಟ್ ವಿದ್ಯೆಯ ಮೂಲ ಟಿ.ವಿ. ಸ್ಟುಡಿಯೋ. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು. ಬಹುಕ್ಯಾಮೆರಾ ಸ್ಟುಡಿಯೋಗಳ ಪದ್ಧತಿ ಎಲ್ಲೆಡೆ ಹೆಚ್ಚುಕಡಿಮೆ ಒಂದೇ: ಕಂಟ್ರೋಲ್ ರೂಮಿನಲ್ಲಿ ಸಾಲು ಮಾನಿಟರುಗಳ ಮುಂದೆ ನಿರ್ಮಾಪಕ, ಪಕ್ಕದಲ್ಲಿ ಸ್ವಿಚರ್ ಮೇಲೆ ಬೆರಳಿಟ್ಟವನು, ಕೆಳಗೆ ಹೆಡ್‌ಫೋನ್ ತೊಟ್ಟ ಫ್ಲೋರ್ ಮ್ಯಾನೇಜರ್. ನಿರ್ಮಾಪಕ ಎರಡನೇ ಕ್ಯಾಮೆರಾಕ್ಕೆ ‘ರೆಡಿ ಟೂ’ ಎಂದು ಎಚ್ಚರಿಸಿ, ಆಮೇಲೆ ‘ಟೂ’ ಎನ್ನಬೇಕು. ವಾರ್ತೆಗೆ, ಸಂದರ್ಶನಕ್ಕೆ ಇಷ್ಟು ಸಾಕು.

ಯಕ್ಷಗಾನಕ್ಕೆ ಸಾಲದು. ವೇಷಧಾರಿ ಮಂಡಿ ಹಾಕಿ ಗಿರಕಿ ತಿರುಗುವಾಗ ಮುಖ ಹಿಡಿದ ಕ್ಯಾಮೆರಾದಲ್ಲಿ ಮೊಣಕಾಲೇ ಇಲ್ಲ. ಇಡೀ ರಂಗ ತೋರಿಸಿದರೆ ಕಣ್ಣಿಲ್ಲ. ಪದ್ಯದ ಭಾವ ಮುಖದಲ್ಲಿರುವಷ್ಟು ಹೊತ್ತು ಹತ್ತಿರ ನಿಂತು, ಚಂಡೆ ಏರುತ್ತಿದ್ದಂತೆ ಕಿರೀಟದಿಂದ ಗೆಜ್ಜೆಯವರೆಗೆ ಪೂರ್ತಿ ಕೊಟ್ಟು, ಮುಕ್ತಾಯದ ಪೆಟ್ಟಿಗೇ ಕಟ್ ಬೀಳಬೇಕು. ತಾಳ ಗೊತ್ತಿಲ್ಲದವನು ಪೆಟ್ಟು ಕೇಳಿದ ಮೇಲೆ ‘ರೆಡಿ’ ಎನ್ನುತ್ತಾನೆ. ಅಷ್ಟರಲ್ಲಿ ವೇಷ ನಿಂತು ಅರ್ಥದ ಮಾತನ್ನೇ ಶುರುಮಾಡಿರುತ್ತದೆ! ಹೊಸಾಕುಳಿಯ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಂಥವರ (2012ರ ಪದ್ಮಶ್ರೀ) ಕೀಚಕ ಬಂದಾಗ ಕಣ್ಣು, ಹುಬ್ಬು, ಕಾಲು ಮೂರೂ ಬೇಕಿತ್ತು. ಯಾವ ಗಳಿಗೆಗೆ ಯಾವುದು ಎಂಬುದೇ ನಿರ್ಮಾಪಕನ ರಸಜ್ಞತೆ.

ಪದ್ಯ ಹಾಡುವ ಭಾಗವತರ ಪಾಡು ಇನ್ನೂ ಕಷ್ಟ. ಅವರು ಕೂರುವುದು ಹಿಂದೆ. ನೇರ ಎದುರಿಗೆ, ಎದೆಮಟ್ಟದಲ್ಲಿಟ್ಟ ಕ್ಯಾಮೆರಾಕ್ಕೆ ವೇಷದ ಮೈಯೇ ಅಡ್ಡ. ಒಂದು ಕ್ಯಾಮೆರಾವನ್ನಾದರೂ ಎತ್ತರದಲ್ಲಿ, ಓರೆಯಾಗಿ ಇಡಬೇಕು. ಧ್ವನಿಯಲ್ಲೂ ಹಾಗೆಯೇ: ಚಂಡೆ ತನ್ನ ಮೈಕ್ ಬಿಟ್ಟು ಭಾಗವತರ ಮೈಕಿಗೂ ನುಗ್ಗುತ್ತದೆ, ಮದ್ದಳೆಯ ನಾದ ಅದರಡಿ ಮುಚ್ಚಿಹೋಗುತ್ತದೆ.

ಸ್ಟುಡಿಯೋ ಆಟದಲ್ಲಿ ನನಗೆ ಕೊರತೆ ಕಾಣುವುದು ಹಾಸ್ಯಗಾರನಿಗೆ. ಎದುರು ನಗುವವರಿಲ್ಲ, ಮಾತು ಬೆಳೆಯುವುದಿಲ್ಲ. (ಹಸಿರು ಪರದೆಯ ಮುಂದೆ ಹಸಿರು ಬಟ್ಟೆಯ ವೇಷ ಬಂದರೆ ಅರ್ಧ ಮೈ ಮಾಯವಾಗುವ ತಮಾಷೆ ಬೇರೆ!) ಆ ಲೆಕ್ಕದಲ್ಲಿ ನಮ್ಮೂರ ಬಯಲಿನ ನೇರಪ್ರಸಾರವೇ ವಾಸಿ.

ಅದನ್ನು ಮಾಡುವ ಹುಡುಗರಿಗೆ ನನ್ನದೊಂದು ಸಲಹೆ. ಹೊಸ ಲೆನ್ಸಿಗೆ ದುಡ್ಡು ಸುರಿಯುವ ಮೊದಲು ಗುಣವಂತೆಗೆ ಹೋಗಿ. ಕೆರೆಮನೆ ಶಂಭು ಹೆಗಡೆಯವರು ಕಟ್ಟಿದ ಶ್ರೀಮಯ ಯಕ್ಷಗಾನ ಕೇಂದ್ರದಲ್ಲಿ ಹೆಜ್ಜೆ ಕಲಿತ ಒಬ್ಬನನ್ನು ಕರೆತಂದು ಸ್ವಿಚರ್ ಪಕ್ಕ ಕೂರಿಸಿ. ಬಟನ್ ಒತ್ತುವುದನ್ನು ಅವನಿಗೆ ಒಂದು ಸಂಜೆಯಲ್ಲಿ ಕಲಿಸಬಹುದು.