ಚಿಕ್ಕ ಕಚೇರಿಯೊಂದರ ಅಂತರ್ಜಾಲ ನಿಯಮಾವಳಿ: ಒಂದು ವಿಮರ್ಶೆ

ಕುಮಟೆಯಿಂದ ಯಾಣಕ್ಕೆ ಹೋಗುವ ದಾರಿಯಲ್ಲಿರುವ ಊರೊಂದರ ಚಿಕ್ಕ ಕಚೇರಿಯವರು ತಮ್ಮ ನೌಕರರ ಅಂತರ್ಜಾಲ ಬಳಕೆಯನ್ನು ಕುರಿತು ಒಂದು ನಿಯಮಾವಳಿಯ ಕರಡನ್ನು ಸಿದ್ಧಪಡಿಸಿ, ಅದರ ಭಾಷೆಯನ್ನು ತಿದ್ದಿಕೊಡಬೇಕೆಂದು ಕಳೆದ ವರ್ಷ ನನ್ನಲ್ಲಿಗೆ ಕಳುಹಿಸಿದ್ದರು. ಅಡಿಕೆ ಬೆಳೆಗಾರರ ಠೇವಣಿ, ಸಾಲ, ಗೊಬ್ಬರದ ಮಾರಾಟ ಇವುಗಳ ಲೆಕ್ಕವನ್ನಿಡುವ ಕಚೇರಿಯದು. ಕಾರ್ಯದರ್ಶಿಯೂ ಸೇರಿ ಕೆಲಸಗಾರರು ಐವರು. ಎರಡು ಪುಟಗಳ ಆ ಬರಹದಲ್ಲಿ ಭಾಷಾದೋಷಗಳು ಹೆಚ್ಚೇನೂ ಇರಲಿಲ್ಲ. ತಿದ್ದಬೇಕಾದುದು ಅದರ ಹಿಂದಿರುವ ವಿಚಾರ ಎಂದು ನನಗೆ ತೋರಿತು. ಇಂಥ ನಿಯಮಾವಳಿಗಳು ಈಗ ಹಲವೆಡೆ ಹುಟ್ಟಿಕೊಳ್ಳುತ್ತಿರುವುದರಿಂದ, ಹಳೆಯ ದಾಖಲೆಯೊಂದನ್ನು ಪರೀಕ್ಷಿಸುವ ರೀತಿಯಲ್ಲಿಯೇ ಇದನ್ನೂ ಪರೀಕ್ಷಿಸುವುದು ಅನುಚಿತವಾಗಲಾರದು. ಕಚೇರಿಯ ಹೆಸರು ಇಲ್ಲಿ ಅಪ್ರಸ್ತುತ.

ನಿಯಮಾವಳಿಯ ಸಾರವಿಷ್ಟು: ಅಂತರ್ಜಾಲದ ಸಂಪರ್ಕ ಕಚೇರಿಯದು, ಆದುದರಿಂದ ಅದರ ಮೂಲಕ ನಡೆಯುವುದೆಲ್ಲವನ್ನೂ ನೋಡುವ ಅಧಿಕಾರವೂ ಕಚೇರಿಯದು. ಗಣಕಯಂತ್ರಗಳ ಪರದೆಯ ಚಿತ್ರವು ಹತ್ತು ನಿಮಿಷಕ್ಕೊಮ್ಮೆ ತಾನಾಗಿ ಸಂಗ್ರಹವಾಗತಕ್ಕದ್ದು. ನೌಕರರ ಸ್ವಂತ ಮೊಬೈಲುಗಳು ಕಚೇರಿಯ ವೈಫೈಗೆ ಸೇರಿದಲ್ಲಿ ಅವುಗಳಿಗೂ ಇದೇ ನಿಯಮ. ಕಾರ್ಯದರ್ಶಿಯು ಯಾವಾಗ ಬೇಕಾದರೂ ಇವನ್ನು ಪರಿಶೀಲಿಸಬಹುದು. ಎಷ್ಟು ದಿನ ಇಟ್ಟುಕೊಳ್ಳಬೇಕು, ಯಾರಿಗೆ ತೋರಿಸಬಹುದು, ತಪ್ಪು ನಡೆದರೆ ಯಾರಲ್ಲಿ ದೂರಬೇಕು ಎಂಬ ವಿಷಯಗಳಲ್ಲಿ ನಿಯಮಾವಳಿ ಮೌನವಾಗಿದೆ.

ಮೊದಲು ಕಾರ್ಯದರ್ಶಿಯವರ ಪಕ್ಷವನ್ನು ನ್ಯಾಯವಾಗಿ ಮಂಡಿಸಬೇಕು. ಅವರ ವಶದಲ್ಲಿರುವುದು ಸದಸ್ಯರು ಬೆವರು ಸುರಿಸಿ ಕೂಡಿಸಿದ ಹಣ. ಒಬ್ಬ ಗುಮಾಸ್ತನು ಮೋಸದ ಕೊಂಡಿಯೊಂದನ್ನು ಒತ್ತಿದರೂ ಸಾಕು, ಇಡೀ ಕಚೇರಿಯ ಲೆಕ್ಕ ಪರರ ಕೈಸೇರಬಹುದು. ಕೆಲಸದ ವೇಳೆಯಲ್ಲಿ ಚಲನಚಿತ್ರ ನೋಡುವವರಿದ್ದರೆ ಸರದಿಯಲ್ಲಿ ನಿಂತ ರೈತನಿಗೆ ನಷ್ಟ. ಹೀಗಿರುವಾಗ ಮೇಲ್ವಿಚಾರಣೆಯೇ ಕೂಡದೆಂದು ವಾದಿಸುವುದು ವಿವೇಕವಲ್ಲ. ಪ್ರಶ್ನೆ ಇರುವುದು ಏನನ್ನು, ಎಷ್ಟರಮಟ್ಟಿಗೆ, ಯಾರ ಹೊಣೆಯಲ್ಲಿ ನೋಡಬೇಕು ಎಂಬುದರಲ್ಲಿ.

ಈ ಮಾತು ಬಂದಾಗ ಕಾರ್ಯದರ್ಶಿಯವರು ಕೌಟಿಲ್ಯನನ್ನು ನೆನೆದರು. ನೌಕರರನ್ನು ನಂಬಬಾರದೆಂದು ಚಾಣಕ್ಯನೇ ಹೇಳಿಲ್ಲವೇ ಎಂದರು. ಈ ಅಭಿಪ್ರಾಯ ನಮ್ಮ ವಿದ್ಯಾವಂತರಲ್ಲಿಯೂ ಬಹಳ ಬಳಕೆಯಲ್ಲಿದೆ. ಅರ್ಥಶಾಸ್ತ್ರದ ಮೂಲವನ್ನು 1909ರಲ್ಲಿ ಮೊದಲು ಅಚ್ಚುಮಾಡಿಸಿದವರು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ಆರ್. ಶಾಮಶಾಸ್ತ್ರಿಗಳು, ಅವರ ಇಂಗ್ಲಿಷ್ ಅನುವಾದ 1915ರಲ್ಲಿ ಪುಸ್ತಕರೂಪದಲ್ಲಿ ಹೊರಬಂದಿತು. ಕನ್ನಡನಾಡಿನಲ್ಲಿಯೇ ಬೆಳಕು ಕಂಡ ಗ್ರಂಥವನ್ನು ನಾವು ಕೇಳಿದ ಮಾತಿನಿಂದಲ್ಲದೆ ಓದಿದ ಮಾತಿನಿಂದ ಉದಾಹರಿಸುವುದು ಮೇಲು.

ಓದಿದವರಿಗೆ ಕಾಣುವುದೇನು? ಅಧಿಕಾರಿಗಳು ಹಣವನ್ನು ಅಪಹರಿಸುವ ನಲವತ್ತು ಬಗೆಗಳನ್ನು ಕೌಟಿಲ್ಯನು ಎಣಿಸಿದ್ದಾನೆ ಎಂಬುದು ನಿಜ. ನೀರಿನಲ್ಲಿರುವ ಮೀನಿನ ಪ್ರಸಿದ್ಧವಾದ ಉಪಮೆಯೂ ಅವನದೇ. ಆದರೆ ಅದೇ ಎರಡನೆಯ ಅಧಿಕರಣದಲ್ಲಿ, ಅಧಿಕಾರಿಗಳು ಆಷಾಢಮಾಸದಲ್ಲಿ ತಮ್ಮ ಲೆಕ್ಕವನ್ನು ತಂದೊಪ್ಪಿಸಬೇಕೆಂದು ವಿಧಿಸಿದವನು, ಲೆಕ್ಕ ತಂದವನು ಬಂದು ನಿಂತಾಗ ತಪಾಸಣೆಗೆ ಸಿದ್ಧನಿರದ ಪರೀಕ್ಷಕನಿಗೂ ದಂಡ ಹೇಳಿದ್ದಾನೆ. ಅಪಹಾರವನ್ನು ತಿಳಿಸಿ ಸಾಧಿಸಿದವನಿಗೆ ಆರನೆಯ ಒಂದು ಭಾಗ, ಅವನು ಭೃತ್ಯನಾಗಿದ್ದರೆ ಹನ್ನೆರಡನೆಯ ಒಂದು ಭಾಗ ಬಹುಮಾನ; ಸಾಧಿಸಲಾರದೆ ಹೋದರೆ ಅವನಿಗೇ ಶಿಕ್ಷೆ. ಎಂದರೆ, ನೋಡುವವನ ಮೇಲೆಯೂ ಒಂದು ಹೊಣೆಯುಂಟು.

ಇದಕ್ಕಿಂತಲೂ ಗಮನಾರ್ಹವಾದುದು ಮೊದಲನೆಯ ಅಧಿಕರಣದ ಹತ್ತನೆಯ ಅಧ್ಯಾಯ. ಅಮಾತ್ಯರನ್ನು ಧರ್ಮ, ಅರ್ಥ, ಕಾಮ, ಭಯ ಎಂಬ ನಾಲ್ಕು ಪ್ರಲೋಭನೆಗಳಿಂದ ಪರೀಕ್ಷಿಸುವ ಕ್ರಮವನ್ನು ಪೂರ್ವಾಚಾರ್ಯರ ಮತವಾಗಿ ವಿವರಿಸಿದ ಮೇಲೆ, ಕೌಟಿಲ್ಯನು ತನ್ನ ಹೆಸರನ್ನೇ ಹೇಳಿಕೊಂಡು ಒಂದು ಎಚ್ಚರಿಕೆ ಕೊಡುತ್ತಾನೆ. ಕೆಡದ ಮನಸ್ಸನ್ನು ಪರೀಕ್ಷೆಯ ನೆಪದಿಂದ ಕೆಡಿಸಬಾರದು. ತಿಳಿನೀರಿಗೆ ವಿಷ ಬೆರೆಸಿದಂತಾದೀತು. ಒಮ್ಮೆ ಕೆಟ್ಟುದಕ್ಕೆ ಮದ್ದು ದೊರೆಯದೆಯೂ ಹೋಗಬಹುದು ಎಂಬುದು ಅದರ ಭಾವ. ಹಾಗೆಂದು ಕೌಟಿಲ್ಯನನ್ನು ನೌಕರರ ಹಕ್ಕುಗಳ ಪ್ರತಿಪಾದಕನೆಂದು ಬಣ್ಣಿಸುವುದು ಇತಿಹಾಸಕ್ಕೆ ಅಪಚಾರ. ಅವನ ರಾಜ್ಯದಲ್ಲಿ ಗೂಢಚಾರರಿಲ್ಲದ ಮೂಲೆಯಿಲ್ಲ. ಅವನ ಚಿಂತೆ ಅರಸನ ಬೊಕ್ಕಸ. ಅಂಥವನೇ ಅನುಮಾನಕ್ಕೆ ಒಂದು ಎಲ್ಲೆಯನ್ನು ಹಾಕಿರುವಾಗ, ಐವರು ನೌಕರರ ಕಚೇರಿಯ ನಿಯಮಾವಳಿ ಯಾವ ಎಲ್ಲೆಯನ್ನೂ ಹಾಕಿಲ್ಲವೆಂಬುದೇ ನನ್ನ ಆಕ್ಷೇಪ.

ಇನ್ನು ಯಂತ್ರದ ವಿಷಯ. ಕಚೇರಿಯ ಸಂಪರ್ಕಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ದಾಖಲಾಗುವುದು ಯಾವ ಯಂತ್ರವು ಯಾವ ಹೊತ್ತಿನಲ್ಲಿ ಯಾವ ತಾಣವನ್ನು ಸಂಪರ್ಕಿಸಿತು, ಎಷ್ಟು ಮಾಹಿತಿಯನ್ನು ತರಿಸಿಕೊಂಡಿತು ಎಂಬಿಷ್ಟೆ. ಈಗ ಬಹುತೇಕ ತಾಣಗಳ ವ್ಯವಹಾರ ಗೂಢಲಿಪಿಯಲ್ಲಿ ನಡೆಯುವುದರಿಂದ ಒಳಗಿನ ಮಾತು ಅಲ್ಲಿ ಕಾಣುವುದಿಲ್ಲ. ಇದು ಲಕೋಟೆಯ ಮೇಲಿನ ವಿಳಾಸವನ್ನು ನೋಡಿದಂತೆ. ಪರದೆಯ ಚಿತ್ರ ತೆಗೆಯುವ, ಒತ್ತಿದ ಅಕ್ಷರಗಳನ್ನು ಬರೆದಿಟ್ಟುಕೊಳ್ಳುವ ತಂತ್ರಾಂಶವಾದರೋ ಲಕೋಟೆಯನ್ನೊಡೆದು ಕಾಗದವನ್ನೋದುವ ಕೆಲಸ. ಹಾನಿಕರ ತಾಣಗಳನ್ನು ತಡೆಯಲು, ವೇಳೆಯ ಅಪವ್ಯಯವನ್ನು ತಿಳಿಯಲು ವಿಳಾಸವೇ ಧಾರಾಳವಾಗಿ ಸಾಕು. ನಮ್ಮ ನಿಯಮಾವಳಿ ಇವೆರಡನ್ನೂ ಒಂದೇ ವಾಕ್ಯದಲ್ಲಿ ಕಟ್ಟಿಹಾಕಿದೆ. ಬೇಕಾದುದಕ್ಕೆ ಅನುಮತಿ ಕೇಳುವಾಗ ಬೇಡವಾದುದಕ್ಕೂ ಪಡೆದುಕೊಂಡಿದೆ.

ನ್ಯಾಯಾಲಯಗಳು ಈ ಭೇದವನ್ನು ಗುರುತಿಸಿವೆ. ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿತು. ಅದಾದ ಹನ್ನೆರಡನೆಯ ದಿನ, ಸೆಪ್ಟೆಂಬರ್ 5ರಂದು, ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ನಮ್ಮ ವಿಷಯಕ್ಕೇ ನೇರವಾಗಿ ಸಂಬಂಧಿಸಿದ ತೀರ್ಪನ್ನಿತ್ತಿತು. ರುಮೇನಿಯದ ಬರ್ಬುಲೆಸ್ಕು ಎಂಬ ಇಂಜಿನಿಯರನು ಕಚೇರಿಯ ಕೆಲಸಕ್ಕೆಂದು ತೆರೆದ ಯಾಹೂ ಸಂದೇಶದ ಖಾತೆಯಲ್ಲಿ ತನ್ನ ಸಹೋದರನೊಡನೆಯೂ ಮದುವೆಯಾಗಲಿದ್ದ ಹೆಣ್ಣಿನೊಡನೆಯೂ ಮಾತಾಡಿದ್ದನೆಂದು 2007ರಲ್ಲಿ ಕೆಲಸ ಕಳೆದುಕೊಂಡಿದ್ದನು. ಮಾಲಿಕರು ಆ ಮಾತುಗಳನ್ನು 45 ಪುಟಗಳಲ್ಲಿ ಅಚ್ಚುಹಾಕಿ ಅವನ ಮುಂದಿಟ್ಟಿದ್ದರು. ಸ್ವಂತ ಬಳಕೆ ಕೂಡದೆಂಬ ನಿಯಮ ಅಲ್ಲಿಯೂ ಇದ್ದಿತು. ಆದರೂ, ನೋಡುವ ಬಗೆಯನ್ನೂ ವ್ಯಾಪ್ತಿಯನ್ನೂ ಮುಂಚಿತವಾಗಿ ತಿಳಿಸಿದ್ದರೇ, ಕಡಮೆ ಕಠಿನವಾದ ಬೇರೆ ಉಪಾಯವಿರಲಿಲ್ಲವೇ ಎಂಬುದನ್ನು ಆ ದೇಶದ ನ್ಯಾಯಾಲಯಗಳು ಸರಿಯಾಗಿ ವಿಚಾರಿಸಲಿಲ್ಲವೆಂದು 11 ಮಂದಿ ನ್ಯಾಯಾಧೀಶರು ಅವನ ಪರವಾಗಿಯೂ 6 ಮಂದಿ ವಿರುದ್ಧವಾಗಿಯೂ ಮತವಿತ್ತರು.

ನಮ್ಮ ದೇಶದಲ್ಲಿ ಮಾಲಿಕನ ಮತ್ತು ನೌಕರನ ನಡುವಿನ ಈ ವಿಷಯ ಅಷ್ಟು ಸ್ಪಷ್ಟವಾಗಿಲ್ಲವೆಂಬುದನ್ನು ಒಪ್ಪಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ಏಳನೆಯ ಪ್ರಕರಣವು, ಉದ್ಯೋಗದ ಉದ್ದೇಶಕ್ಕಾಗಿ ಹಾಗೂ ಮಾಲಿಕನನ್ನು ನಷ್ಟದಿಂದ ರಕ್ಷಿಸುವುದಕ್ಕಾಗಿ ನೌಕರನ ಮಾಹಿತಿಯನ್ನು ಅವನ ಸಮ್ಮತಿಯಿಲ್ಲದೆಯೇ ಬಳಸಲು ಆಸ್ಪದ ಕೊಡುತ್ತದೆ. ಕಾನೂನು ಬಾಗಿಲನ್ನು ಇಷ್ಟು ಅಗಲವಾಗಿ ತೆರೆದಿರುವಲ್ಲಿ, ಕಚೇರಿಯು ತಾನೇ ಬರೆದುಕೊಳ್ಳುವ ನಿಯಮದ ಮಹತ್ತ್ವ ಇನ್ನೂ ಹೆಚ್ಚುತ್ತದೆ.

ಚಿಕ್ಕ ಕಚೇರಿಯ ಚಿಕ್ಕತನವೇ ಇಲ್ಲಿ ಮುಖ್ಯವಾದ ಸಂಗತಿ. ದೊಡ್ಡ ಸಂಸ್ಥೆಯಲ್ಲಿ ನೋಡುವವನು ಅಪರಿಚಿತ; ಸಾವಿರ ನೌಕರರಲ್ಲಿ ಒಬ್ಬನ ಗುಟ್ಟು ಅವನಿಗೆ ಬೇಕಿಲ್ಲ. ಇಲ್ಲಿ ನೋಡುವವರು ಪಕ್ಕದ ಕೇರಿಯವರು, ಮದುವೆ ಮುಂಜಿಗಳಲ್ಲಿ ಒಂದೇ ಪಂಕ್ತಿಯಲ್ಲಿ ಕೂರುವವರು. ಘಟ್ಟದ ಮಡಿಲಿನ ಅನೇಕ ಹಳ್ಳಿಗಳಲ್ಲಿ ಮೊಬೈಲಿಗೆ ಸಂಪರ್ಕ ದೊರೆಯುವುದು ಇಂದಿಗೂ ದುರ್ಲಭ. ಆಸ್ಪತ್ರೆಯ ವರದಿ, ಮಗಳ ಪರೀಕ್ಷೆಯ ಫಲಿತಾಂಶ, ಒಡವೆಯ ಸಾಲದ ಕಂತು, ಇವೆಲ್ಲವನ್ನೂ ನೌಕರರು ಕಚೇರಿಯ ಸಂಪರ್ಕದಿಂದಲೇ ನೋಡುತ್ತಾರೆ. ಅಲ್ಲಿಯ ಗುಮಾಸ್ತೆಯೊಬ್ಬರು ನನಗೆ ಹೇಳಿದುದಿಷ್ಟೆ: “ನಾನು ಕೆಲಸ ತಪ್ಪಿಸಿದರೆ ನೋಡಲಿ ಸರ್, ನನ್ನ ಡಾಕ್ಟರ ಚೀಟಿಯನ್ನು ಯಾಕೆ ನೋಡಬೇಕು?” ಇಡೀ ವಾದವನ್ನು ಇದಕ್ಕಿಂತ ಸ್ಪಷ್ಟವಾಗಿ ನಾನು ಹೇಳಲಾರೆ.

ಯಾಣದ ಭೈರವೇಶ್ವರ, ಮೋಹಿನಿ ಎಂಬ ಎರಡು ಕಪ್ಪುಶಿಖರಗಳ ಐತಿಹ್ಯ ಈ ಸೀಮೆಯವರಿಗೆ ತಿಳಿದುದೇ ಆಗಿದೆ. ಯಾರ ತಲೆಯ ಮೇಲೆ ಕೈಯಿಟ್ಟರೆ ಅವರು ಭಸ್ಮವಾಗಲೆಂಬ ವರವನ್ನು ಭಸ್ಮಾಸುರನಿಗೆ ಕೊಟ್ಟ ಶಿವನು, ಯಾರ ತಲೆ, ಯಾವ ಕಾರಣ ಎಂಬ ಕಟ್ಟು ಹಾಕಲಿಲ್ಲ, ಕೊಟ್ಟವನೇ ಓಡಬೇಕಾಯಿತು. ಕಾರ್ಯದರ್ಶಿಯವರ ಗಣಕಯಂತ್ರವೂ ಅದೇ ಸಂಪರ್ಕದಲ್ಲಿದೆ; ನಾಳೆ ಆ ಸ್ಥಾನಕ್ಕೆ ಬೇರೊಬ್ಬರು ಬಂದರೆ ಇಂದಿನವರ ಚಿತ್ರಗಳೂ ಅವರ ಕೈಯಲ್ಲಿರುವುವು.

ಆದುದರಿಂದ ನಾನು ನಾಲ್ಕು ತಿದ್ದುಪಡಿಗಳನ್ನು ಸೂಚಿಸಿದೆನು. ಒಂದು, ಪರದೆಯ ಚಿತ್ರವನ್ನು ಕೈಬಿಟ್ಟು ತಾಣಗಳ ದಾಖಲೆಯನ್ನಷ್ಟೆ ಇಡುವುದು. ಎರಡು, ಸ್ವಂತ ಮೊಬೈಲುಗಳಿಗೆ ಲೆಕ್ಕದ ಯಂತ್ರಗಳಿಂದ ಬೇರ್ಪಟ್ಟ ಸಂಪರ್ಕವನ್ನು ಕೊಟ್ಟು, ಅದನ್ನು ಪರಿಶೀಲನೆಯಿಂದ ಹೊರಗಿಡುವುದು. ಮೂರು, ದಾಖಲೆಯನ್ನು ಮೂವತ್ತು ದಿನಗಳ ಮೇಲೆ ಅಳಿಸುವುದು. ನಾಲ್ಕು, ಪರಿಶೀಲಿಸಿದ ಪ್ರತಿಸಲವೂ ಕಾರಣವನ್ನು ಪುಸ್ತಕದಲ್ಲಿ ಬರೆದು ಸಹಿ ಹಾಕಿ, ಆ ಪುಸ್ತಕವನ್ನು ಆಡಳಿತ ಮಂಡಳಿಯ ಮುಂದಿಡುವುದು.

ಮೊದಲಿನ ಮೂರನ್ನು ಕಾರ್ಯದರ್ಶಿಯವರು ಒಪ್ಪಿದರು. ನಾಲ್ಕನೆಯದನ್ನು, ತಮ್ಮ ಮೇಲೆ ಅಪನಂಬಿಕೆ ತೋರಿಸಿದಂತಾಗುವುದೆಂದು ಹೇಳಿ ಬಿಟ್ಟುಬಿಟ್ಟರು. ಐವರಲ್ಲಿ ಒಬ್ಬರಿಗೆ ಈ ಮಾತು ತೋರಿದುದು ಸಹಜವಾಗಿದ್ದರೆ, ಉಳಿದ ನಾಲ್ವರಿಗೆ ತೋರಿದುದೂ ಸಹಜವೇ. ನಿಯಮಾವಳಿಯ ಆ ದೋಷ ಹಾಗೆಯೇ ಉಳಿದಿದೆ.